ಅಂತೆ ಎಂಬ ಎರಡಕ್ಷರ

ಕೋಲಾರ ಜಿಲ್ಲೆಯ ಸುಗಟೂರಿನ ಕಡೆಯ ಶಾಲೆಯ ಅಂಗಳದಲ್ಲಿ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತರೆ ಮೂರು ನಾಲ್ಕು ಭಾಷೆಗಳು ಒಟ್ಟಿಗೆ ಕೇಳುತ್ತವೆ. ಪಾಠ ಕನ್ನಡದಲ್ಲಿ, ಆಟ ತೆಲುಗಿನಲ್ಲಿ. ಮನೆಮಾತು ಕೆಲವರದು ದಖನಿ ಉರ್ದು, ಕೆಲವರದು ತಮಿಳು. ಒಬ್ಬ ಹುಡುಗ ಶಾಲೆಗೆ ಬಂದಿಲ್ಲ ಅನ್ನಿ. ಮೇಷ್ಟರು ಕೇಳಿದರೆ ಪಕ್ಕದವನು 'ಜ್ವರ ಬಂದಿದೆಯಂತೆ ಸಾರ್' ಎನ್ನುತ್ತಾನೆ. ಅದೇ ಮಾತನ್ನು ತೆಲುಗಿನಲ್ಲಿ ಹೇಳಿದರೆ ಕೊನೆಗೆ 'ಅಂಟ' ಬರುತ್ತದೆ, ದಖನಿಯಲ್ಲಿ 'ಕತೆ', ತಮಿಳಿನಲ್ಲಿ 'ಆಂ'. ನಾನು ಕಣ್ಣಾರೆ ಕಂಡಿಲ್ಲ, ಯಾರೋ ಹೇಳಿದ್ದನ್ನು ಹೇಳುತ್ತಿದ್ದೇನೆ ಎಂಬ ಎಚ್ಚರ ಆ ಪುಟ್ಟ ಬಾಲದಲ್ಲಿದೆ. ಇದನ್ನು ಯಾರೂ ಆ ಮಕ್ಕಳಿಗೆ ಕಲಿಸಲಿಲ್ಲ. ತಾಯಿಯ ಮಡಿಲಲ್ಲಿಯೇ ಬಂತು.

ಡಿಜಿಟಲ್ ಪೌರತ್ವ ಎಂಬ ಹೊಸ ಪಾಠದ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಈ 'ಅಂತೆ' ನೆನಪಾಗುತ್ತದೆ.

ಆ ಪಾಠವನ್ನು ನಮ್ಮ ಶಾಲೆಗಳಲ್ಲಿ ಹೆಚ್ಚಾಗಿ ಮಾಡುವುದು ಹೀಗೆ: ಪಾಸ್‌ವರ್ಡ್ ಯಾರಿಗೂ ಹೇಳಬೇಡಿ, ಓಟಿಪಿ ಕೊಡಬೇಡಿ, ಗುರುತಿಲ್ಲದವರೊಡನೆ ಚಾಟ್ ಮಾಡಬೇಡಿ, ಮೋಸ ಹೋದರೆ 1930ಕ್ಕೆ ಫೋನ್ ಮಾಡಿ. ಎಲ್ಲವೂ ಬೇಕಾದ ಮಾತುಗಳೇ. 2007ರಲ್ಲಿ ಅಮೆರಿಕದ ಮೈಕ್ ರಿಬಲ್ ಮತ್ತು ಜೆರಾಲ್ಡ್ ಬೇಲಿ ಈ ವಿಷಯವಾಗಿ ಶಾಲೆಗಳಿಗೆಂದು ಪುಸ್ತಕ ಬರೆದಾಗ ಡಿಜಿಟಲ್ ಪೌರತ್ವಕ್ಕೆ ಒಂಬತ್ತು ಅಂಗಗಳನ್ನು ಹೇಳಿದ್ದರು. ಸುರಕ್ಷತೆ ಅವುಗಳಲ್ಲಿ ಒಂದು. ನಮ್ಮಲ್ಲಿ ಆ ಒಂದು ಉಳಿದ ಎಂಟನ್ನು ನುಂಗಿಬಿಟ್ಟಿದೆ ಎಂದು ನನಗನ್ನಿಸುತ್ತದೆ. ತಪ್ಪು ಮೇಷ್ಟರದಲ್ಲ. 2020ರ ಮಾರ್ಚ್‌ವರೆಗೆ ಮೊಬೈಲು ಶಾಲೆಯಲ್ಲಿ ಕಂಡರೆ ಕಿತ್ತಿಟ್ಟುಕೊಳ್ಳುವ ವಸ್ತು. ಶಾಲೆ ಮುಚ್ಚಿದ ಮೇಲೆ ಅದೇ ತರಗತಿಯಾಯಿತು. ಚಂದನ ವಾಹಿನಿಯಲ್ಲಿ ಸಂವೇದ ಪಾಠ, ಮಿಕ್ಕಿದ್ದು ವಾಟ್ಸ್ಆ್ಯಪ್‌ನಲ್ಲಿ. ಬಾಗಿಲು ಮತ್ತೆ ತೆರೆದಾಗ ಮೊಬೈಲು ಮತ್ತೆ ಅಪರಾಧಿ. ಒಂದು ವಸ್ತುವಿನ ಬಗ್ಗೆ ಇಷ್ಟು ಬೇಗ ಎರಡು ಸಲ ಮನಸ್ಸು ಬದಲಿಸಬೇಕಾಗಿ ಬಂದವರು ಭಯವನ್ನೇ ಪಾಠ ಮಾಡಿದರೆ ಆಶ್ಚರ್ಯವೇನು?

ಕಾನೂನಿನ ಕಣ್ಣಿಗೂ ಈ ಊರುಗಳ ಮನೆಯೊಳಗಿನ ಬದುಕು ಅಷ್ಟಾಗಿ ಬಿದ್ದಿಲ್ಲ. 2023ರ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದ ಮಗುವಿನ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು. ಇಲ್ಲಿ ಎಷ್ಟೋ ಮನೆಗಳಲ್ಲಿ ಫೋನು ಅಪ್ಪನದು, ನಂಬರು ಅಪ್ಪನದು, ಓದಿ ಒತ್ತುವ ಬೆರಳು ಮಾತ್ರ ಮಗಳದು. ಟೊಮ್ಯಾಟೊ ರೇಟು ನೋಡುವುದು, ಹಾಲಿನ ದುಡ್ಡು ಬಂತೇ ಎಂದು ಹೇಳುವುದು, ಗುಂಪಿಗೆ ಬಂದ ಸಂದೇಶ ಓದಿಹೇಳುವುದು ಎಲ್ಲ ಅವಳೇ. ಮನೆಗೆ ಸುದ್ದಿ ಬರುವ ಬಾಗಿಲಲ್ಲಿ ಕೂತಿರುವುದು ಎಂಟನೇ ತರಗತಿಯ ಮಗು. ಅವಳಿಗೆ 'ಹುಷಾರು' ಎಂದಷ್ಟೇ ಹೇಳಿ ಕಳಿಸಿದರೆ ಸಾಕೇ?

ಸಾಲದೆಂದು ತೋರಿಸಿದ ದಿನ 2018ರ ಜುಲೈ 13. ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ, ಹೈದರಾಬಾದಿನಿಂದ ಬಂದಿದ್ದ ಕೆಲವು ಯುವಕರು ಶಾಲೆ ಬಿಟ್ಟು ಹೋಗುತ್ತಿದ್ದ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಮಕ್ಕಳ ಕಳ್ಳರೆಂಬ ಗುಲ್ಲು ಎದ್ದಿತು. ಅವರು ಕಾರು ಹತ್ತಿ ಹೊರಟರೆ, ಅವರ ವಿಡಿಯೊ ವಾಟ್ಸ್ಆ್ಯಪ್‌ನಲ್ಲಿ ಕಾರಿಗಿಂತ ಮುಂಚೆ ಮುರ್ಕಿ ಗ್ರಾಮ ತಲುಪಿತ್ತು. ಅಲ್ಲಿ ಊರಿನವರು ರಸ್ತೆಗೆ ಅಡ್ಡಗಟ್ಟಿ ಅವರನ್ನು ಹೊಡೆದರು. ಅವರಲ್ಲೊಬ್ಬ ಇಂಜಿನಿಯರ್ ಸತ್ತ. ಬಂಧಿತರಲ್ಲಿ ವಾಟ್ಸ್ಆ್ಯಪ್ ಗುಂಪಿನ ಅಡ್ಮಿನ್ನೂ ಇದ್ದ. ಅದಕ್ಕೆ ಎರಡು ತಿಂಗಳ ಮುಂಚೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಇದೇ ಗುಲ್ಲಿಗೆ ರಾಜಸ್ಥಾನದಿಂದ ದುಡಿಯಲು ಬಂದ ಒಬ್ಬನ ಜೀವ ಹೋಗಿತ್ತು. ಆ ಜುಲೈನಲ್ಲೇ ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದೆಂದು ಮಿತಿ ಹಾಕಿತು.

ಮುರ್ಕಿಯ ಬಗ್ಗೆ ನನ್ನನ್ನು ಕಾಡುವುದು ಇದು: ವಿಡಿಯೊ ಸುಳ್ಳಾಗಿರಲಿಲ್ಲ. ಆ ಜನ ಇದ್ದದ್ದು ನಿಜ, ಚಾಕೊಲೇಟು ನಿಜ, ಮಕ್ಕಳು ನಿಜ. ಚಿತ್ರ ನಿಜವಿದ್ದು ಅರ್ಥ ಸುಳ್ಳಾಗಿತ್ತು. 'ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು' ಎಂಬ ಗಾದೆಯನ್ನು ನಾವು ಪರೀಕ್ಷೆಗಾಗಿ ವಿಸ್ತರಿಸಿ ಬರೆದಿದ್ದೇವೆ. ಆ ಗಾದೆಗೆ ಇಷ್ಟು ಭಾರ ಇದೆಯೆಂದು ಯಾರಿಗೆ ಗೊತ್ತಿತ್ತು? ಮೊದಲು ಯಾರೋ ಒಬ್ಬರು 'ಕಳ್ಳರಂತೆ' ಎಂದಿರಬೇಕು. ಒಂದು ಫೋನಿನಿಂದ ಇನ್ನೊಂದಕ್ಕೆ ದಾಟುವಾಗ ಆ 'ಅಂತೆ' ಎಲ್ಲೋ ಉದುರಿತು. ಫಾರ್ವರ್ಡ್ ಗುಂಡಿಯಲ್ಲಿ ಅದಕ್ಕೆ ಜಾಗವಿಲ್ಲ. ಬಾಯಿಂದ ಬಾಯಿಗೆ ಹೋಗುವ ಗಾಳಿಸುದ್ದಿ ಕೂಡ ತನ್ನನ್ನು ಅಂತೆಕಂತೆ ಎಂದು ಒಪ್ಪಿಕೊಳ್ಳುತ್ತಿತ್ತು, ಫಾರ್ವರ್ಡ್ ಒಪ್ಪಿಕೊಳ್ಳುವುದಿಲ್ಲ.

'ಅಂತೆ' ಇಲ್ಲದೆ ಮಾತಾಡಲು ಇನ್ನೊಂದು ದಾರಿ ಇದೆ, ಅದು ಸುಗಟೂರಿನ ನೆಲಕ್ಕೆ ಗೊತ್ತು. ಹೊಸಕೋಟೆಯನ್ನು ಕಟ್ಟಿದ ತಮ್ಮೇಗೌಡನ ಮನೆತನ ಈ ಊರಿನದು. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿ ಸುಗಟೂರಿನ ಪ್ರಭುಗಳ ಕಲ್ಲುಗಳೂ ಇವೆ. ನಮ್ಮ ದಾನಶಾಸನಗಳನ್ನು ಓದುವಾಗ ಅವುಗಳ ಕಟ್ಟುನಿಟ್ಟು ಗಮನಿಸಿ: ಯಾವ ವರ್ಷ, ಯಾವ ತಿಥಿ, ಕೊಟ್ಟವರಾರು, ಪಡೆದವರಾರು, ಹೊಲದ ಎಲ್ಲೆ ಯಾವುದು, ಎಷ್ಟೋ ಕಡೆ ಸಾಕ್ಷಿಗಳ ಹೆಸರು, ಬರೆದವನ ಹೆಸರು. ಕಲ್ಲಿನ ತುದಿಯಲ್ಲಿ ಸೂರ್ಯಚಂದ್ರರು. ಕೊನೆಗೆ, ಇದಕ್ಕೆ ತಪ್ಪಿದವನು ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪಕ್ಕೆ ಹೋಗುವನೆಂಬ ಶಾಪ. ಶಾಸನದಲ್ಲಿ 'ಅಂತೆ' ಇಲ್ಲ, ಏಕೆಂದರೆ ಹೆಸರು ಇದೆ. ಗೊತ್ತಿಲ್ಲದ್ದಕ್ಕೆ ಅಂತೆ, ಗೊತ್ತಿರುವುದಕ್ಕೆ ಹೆಸರು: ಪ್ರಾಮಾಣಿಕ ಮಾತಿಗೆ ಇವೆರಡೇ ನೆಲೆ. ಫಾರ್ವರ್ಡ್ ಸಂದೇಶಕ್ಕೆ ಎರಡೂ ಇಲ್ಲ.

ಹಾಗಾಗಿ ಈ ಪಾಠ ಕಂಪ್ಯೂಟರ್ ಕೋಣೆಗಿಂತ ಮೊದಲು ಕನ್ನಡ ತರಗತಿಗೆ ಸೇರಿದ್ದು ಎಂದು ನಾನು ಬಲವಾಗಿ ನಂಬುತ್ತೇನೆ. ಕಂಪ್ಯೂಟರು ಕೆಟ್ಟಿದ್ದರೂ ಕರೆಂಟು ಹೋದರೂ ಮಾಡಬಹುದಾದ ಪಾಠ ಇದು. ಫೋನಿಗೆ ಬಂದ ಒಂದು ಸಂದೇಶವನ್ನು ಬೋರ್ಡಿನ ಮೇಲೆ ಬರೆದು, ಪ್ರತಿ ವಾಕ್ಯದ ಕೊನೆಗೂ 'ಅಂತೆ' ಸೇರಿಸಲು ಹೇಳಿ. ಯಾವ ವಾಕ್ಯ 'ಅಂತೆ' ಬೇಡ ಎನ್ನುತ್ತದೋ ಅದಕ್ಕೆ ಶಾಸನದಂತೆ ಹೆಸರು, ದಿನ, ಸಾಕ್ಷಿ ಕೇಳಿ. ತೆಲುಗಿನ ಮಗು ತೆಲುಗಿನಲ್ಲೇ ಮಾಡಲಿ, ಉರ್ದುವಿನ ಮಗು ತನ್ನ 'ಕತೆ'ಯನ್ನೇ ಹಚ್ಚಲಿ. ಇದೇ ಜಿಲ್ಲೆಯ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ. ಪತ್ರಿಕೆ ನಡೆಸಿದವರು, 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದವರು. ಪ್ರಜೆಗೆ ವಿಚಾರದ ಶಿಕ್ಷಣ ಬೇಕೆಂದು ಬದುಕಿಡೀ ದುಡಿದರು. ಈ ಪಾಠವೂ ಆ ಶಿಕ್ಷಣದ್ದೇ ಒಂದು ತುಣುಕು.

ಆದರೆ ಕಷ್ಟ ಇರುವುದು ಬೋರ್ಡಿನ ಮುಂದೆ ಅಲ್ಲ. ಸಂಜೆ ಮನೆಯಲ್ಲಿ ದೊಡ್ಡಪ್ಪ ಫೋನು ತೋರಿಸಿ, ಪಕ್ಕದ ಊರಿನವರ ಬಗ್ಗೆಯೋ ಬೇರೆ ಕೇರಿಯವರ ಬಗ್ಗೆಯೋ ಏನೋ ಹೇಳುತ್ತಾರೆ. 'ಇದನ್ನು ಯಾರು ಹೇಳಿದ್ದು ದೊಡ್ಡಪ್ಪ?' ಎಂದು ಹುಡುಗಿ ಕೇಳಿದರೆ ನಮ್ಮ ಮನೆಗಳಲ್ಲಿ ಅದಕ್ಕೆ ಎದುರುತ್ತರ ಎಂದು ಹೆಸರು. ಆ ಪ್ರಶ್ನೆ ಕೇಳಿ ಅವಳಿಗೆ ಅಭ್ಯಾಸವಾಗಬೇಕಾದರೆ, ಬೈಗುಳ ಸಿಗದ ಒಂದು ಜಾಗದಲ್ಲಿ ಮೊದಲು ಅದನ್ನು ಹತ್ತಾರು ಸಲ ಕೇಳಿರಬೇಕು. ಅಂಥ ಜಾಗ ಅವಳ ದಿನದಲ್ಲಿ ಒಂದೇ ಇದೆ. ಅಲ್ಲಿ ಅವಳು ಎದ್ದುನಿಂತು, 'ಸಾರ್, ನಿನ್ನೆ ನಮ್ಮ ಕ್ಲಾಸ್ ಗ್ರೂಪಿಗೆ ನೀವು ಹಾಕಿದ್ದನ್ನು ಯಾರು ಹೇಳಿದ್ದು?' ಎಂದು ಕೇಳುವ ದಿನ, ಮೇಷ್ಟರು ಸೀಮೆಸುಣ್ಣ ಕೆಳಗಿಟ್ಟು, ತಮ್ಮ ಫೋನು ತೆಗೆದು, ಅವಳ ಜೊತೆ ಹುಡುಕಲು ಕೂರುತ್ತಾರೆಯೆ?