ಕಾವಡಿ ಮತ್ತು ಇಟ್ಟಿಗೆ

ವಯಸ್ಸಾದ ತಂದೆತಾಯಿಗೆ ಯುರೋಪು ತೋರಿಸಿಕೊಂಡು ಬಂದ ಮಕ್ಕಳಿಗೆ ನಮ್ಮಲ್ಲಿ ಸಿಗುವ ಬಿರುದು ಒಂದೇ: ಶ್ರವಣಕುಮಾರ. ಕೊಪ್ಪಳದ ಕಡೆಯ ಅಳವಂಡಿಯಂಥ ಊರಿನಲ್ಲಿ ಮಗನನ್ನು ಹೊಗಳಲು ಅದಕ್ಕಿಂತ ದೊಡ್ಡ ಮಾತಿಲ್ಲ. ಕುರುಡು ತಂದೆತಾಯಿಯನ್ನು ಕಾವಡಿಯ ಎರಡು ಬುಟ್ಟಿಗಳಲ್ಲಿ ಕೂರಿಸಿಕೊಂಡು ತೀರ್ಥಯಾತ್ರೆಗೆ ಹೊರಟ ಮಗನ ಕಥೆ ಎಲ್ಲರಿಗೂ ಗೊತ್ತು. ಈಗ ಕಾವಡಿಯ ಜಾಗದಲ್ಲಿ ವಿಮಾನ, ತೀರ್ಥಕ್ಷೇತ್ರಗಳ ಜಾಗದಲ್ಲಿ ಪ್ಯಾರಿಸ್, ರೋಮ್, ವೆನಿಸ್. ಹೋಲಿಕೆ ಸಲೀಸಾಗಿ ಕೂತುಬಿಡುತ್ತದೆ. ಆದರೆ ಕಥೆಯ ಒಂದು ಎಳೆ ನಮ್ಮ ಕೈಯಿಂದ ಜಾರಿಹೋಗಿರುತ್ತದೆ. ಅಲ್ಲಿ ಯಾತ್ರೆಯ ಆಸೆ ತಂದೆತಾಯಿಯದು. ಹೆಗಲು ಮಾತ್ರ ಮಗನದು.

ಇವತ್ತಿನ ಪ್ರವಾಸದಲ್ಲಿ ಇದು ಎಷ್ಟೋ ಸಲ ತಿರುವುಮುರುವಾಗಿರುತ್ತದೆ. ಆಸೆ ಮಕ್ಕಳದು, ನಡೆಯಬೇಕಾದ ಕಾಲು ಹೆತ್ತವರದು. ಬೆಂಗಳೂರಿಗೆ ಬಂದು ಬೆರಳಚ್ಚು ಕೊಟ್ಟು, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಮಾಡಿಸಿ, ಷೆಂಗೆನ್ ವೀಸಾದ ಅರ್ಜಿ ತುಂಬಬೇಕು. ಅದರಲ್ಲಿ ಪ್ರಯಾಣದ ಉದ್ದೇಶ ಏನು ಎಂಬ ಪ್ರಶ್ನೆಯೂ ಇರುತ್ತದೆ. ಮಗ ‘ಪ್ರವಾಸ’ ಎಂದು ತುಂಬುತ್ತಾನೆ, ಅವ್ವ ತೋರಿಸಿದ ಕಡೆ ರುಜು ಹಾಕುತ್ತಾಳೆ. ಆ ಪ್ರಶ್ನೆಯನ್ನು ಅವಳ ಮುಂದೆಯೇ ಇಟ್ಟು ಉತ್ತರಕ್ಕೆ ಕಾದವರು ಎಷ್ಟು ಜನ?

ಮಕ್ಕಳ ಆಸೆಯ ಹಿಂದೆ ಹೆಚ್ಚಾಗಿ ಇರುವುದು ಋಣದ ಭಾವ. ನಮಗಾಗಿ ಅಷ್ಟು ಕಷ್ಟಪಟ್ಟರು, ಒಂದಾದರೂ ಸುಖ ಕಾಣಲಿ ಎನ್ನುವ ಮಾತು. ಒಳ್ಳೆಯ ಮಾತೇ. ಆದರೆ ಈ ಸಾಲ ತೀರುವಂಥದ್ದೇ? ಅಂಗುತ್ತರ ನಿಕಾಯದಲ್ಲಿ ಬುದ್ಧ ಹೇಳುವ ಪ್ರಕಾರ, ಒಂದು ಹೆಗಲ ಮೇಲೆ ತಾಯಿಯನ್ನು, ಇನ್ನೊಂದರ ಮೇಲೆ ತಂದೆಯನ್ನು ಹೊತ್ತು ನೂರು ವರ್ಷ ಸೇವೆ ಮಾಡಿದರೂ ಹೆತ್ತವರ ಋಣ ತೀರುವುದಿಲ್ಲ. ಗ್ರೀಸಿನ ಅರಿಸ್ಟಾಟಲ್ ಕೂಡ ದೇವರಿಗೂ ತಂದೆತಾಯಿಗೂ ಪಡೆದಷ್ಟನ್ನು ಯಾರೂ ಮರಳಿಸಲಾರರು, ಕೈಲಾದದ್ದನ್ನು ಮಾಡುವವನೇ ಒಳ್ಳೆಯವನು ಎನ್ನುತ್ತಾನೆ. ಇಬ್ಬರ ಮಾತಿನಲ್ಲೂ ಒಂದು ಬಿಡುಗಡೆ ಇದೆ. ತೀರದ ಸಾಲವೆಂದು ಒಪ್ಪಿಕೊಂಡವನಿಗೆ ರಸೀದಿ ಬೇಕಾಗುವುದಿಲ್ಲ. ತೀರಿಸಿಬಿಡುತ್ತೇನೆ ಎಂದು ಹೊರಟವನಿಗೆ ಬೇಕು. ಐಫೆಲ್ ಗೋಪುರದ ಮುಂದೆ ದಣಿದು ನಿಂತ ಮುದುಕಿಗೆ ‘ಸ್ವಲ್ಪ ನಗವ್ವಾ’ ಎಂದು ಒತ್ತಾಯಿಸಿ ತೆಗೆದ ಫೋಟೋ ಅಂಥ ರಸೀದಿ.

ಹಾಗಾದರೆ ಅವರ ಪಾಡಿಗೆ ಅವರನ್ನು ಕಟ್ಟೆಯ ಮೇಲೆ ಬಿಟ್ಟುಬಿಡುವುದು ಸರಿಯೇ? ಅದೂ ಅಷ್ಟು ಸರಳವಲ್ಲ. ನಮ್ಮ ಕಡೆಯ ಹಿರಿಯರ ಬಾಯಿಂದ ಮೊದಲು ಬರುವ ಮಾತೇ ‘ಬ್ಯಾಡ’. ‘ಯಾಕ ಬೇಕಪಾ, ಸುಮ್ನ ರೊಕ್ಕ ದಂಡ.’ ಈ ಬ್ಯಾಡದೊಳಗೆ ನಿಜವಾದ ಬೇಡ ಇರಬಹುದು. ಮಕ್ಕಳಿಗೆ ಭಾರವಾದೇನು ಎಂಬ ಅಂಜಿಕೆ ಇರಬಹುದು. ಬೇಕು ಎಂದು ಬಾಯಿಬಿಟ್ಟು ಕೇಳಿ ರೂಢಿಯೇ ಇಲ್ಲದ ಒಂದು ಇಡೀ ಆಯುಷ್ಯವೂ ಇರಬಹುದು. ಹೆಂಗಸರಿಗಂತೂ ತವರಿಗೆ ಹೋಗುವುದೂ ಜಾತ್ರೆಗೆ ಹೋಗುವುದೂ ಯಾರೋ ಕರೆದೊಯ್ದರೆ ಮಾತ್ರ ಆಗುತ್ತಿದ್ದ ಕಾಲವದು. ಅಂಥವರ ಬ್ಯಾಡವನ್ನು ಅಕ್ಷರಶಃ ಗೌರವಿಸುವುದು ಮಕ್ಕಳ ಜೇಬಿಗೆ ಬಹಳ ಅನುಕೂಲದ ಗೌರವ.

ಮೈಸೂರಿನ ಡಿ. ಕೃಷ್ಣಕುಮಾರ್ ಅವರ ಸುದ್ದಿ ಹಲವರಿಗೆ ನೆನಪಿರಬೇಕು. ತಂದೆ ಕೊಡಿಸಿದ್ದ ಹಳೆಯ ಬಜಾಜ್ ಚೇತಕ್ ಸ್ಕೂಟರಿನ ಹಿಂದೆ ತಾಯಿ ಚೂಡಾರತ್ನ ಅವರನ್ನು ಕೂರಿಸಿಕೊಂಡು 2018ರ ಜನವರಿಯಲ್ಲಿ ಹೊರಟವರು ಭಾರತವನ್ನಷ್ಟೇ ಅಲ್ಲದೆ ನೇಪಾಳ, ಭೂತಾನ್, ಮ್ಯಾನ್ಮಾರ್‌ಗಳನ್ನೂ ತೋರಿಸಿದರು. ‘ಮಾತೃಸೇವಾ ಸಂಕಲ್ಪ ಯಾತ್ರೆ’ ಎಂದು ಅದಕ್ಕೆ ಹೆಸರಿಟ್ಟರು. ಪತ್ರಿಕೆಗಳು ಸ್ಕೂಟರನ್ನೂ ಕಿಲೋಮೀಟರುಗಳನ್ನೂ ಹೊಗಳಿದವು. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಹೊರಡುವ ಮೊದಲಿನ ಒಂದು ಮಾತುಕತೆ. ದೊಡ್ಡ ಕುಟುಂಬದ ಅಡುಗೆಮನೆಯಲ್ಲೇ ಬದುಕು ಕಳೆದ ತಾಯಿಯನ್ನು ಮಗ, ಯಾವ ಯಾವ ಕ್ಷೇತ್ರ ನೋಡಿದ್ದೀರಿ ಎಂದು ಕೇಳಿದ. ದೂರದ್ದು ಹಾಗಿರಲಿ, ಹತ್ತಿರದ ಬೇಲೂರು–ಹಳೇಬೀಡನ್ನೂ ನೋಡಿಲ್ಲ ಎಂದು ತಾಯಿ ಹೇಳಿದರು. ಅವರ ಯಾತ್ರೆ ಸ್ಕೂಟರ್ ಶುರುವಾದಾಗ ಶುರುವಾದದ್ದಲ್ಲ, ಆ ಪ್ರಶ್ನೆಯಿಂದ ಶುರುವಾದದ್ದು. ಅಲ್ಲಿ ಆಸೆ ಮತ್ತೆ ತಾಯಿಯದಾಯಿತು, ಹೆಗಲು ಮಗನದಾಯಿತು.

ಕೇಳಿದ್ದಾಯಿತು, ಹೊರಟದ್ದಾಯಿತು ಎನ್ನೋಣ. ಆಗ ಇನ್ನೊಂದು ತೊಡಕು ಎದುರಾಗುತ್ತದೆ. ಮುದುಕರಿಗೆ ಇದೆಲ್ಲ ಏನು ತಿಳಿಯುತ್ತದೆ ಎಂಬ ಒಳಗಿನ ಸಸಾರ. ಅವರಿಗೆ ನಮ್ಮವೇ ಬೇಕು ಎಂದುಕೊಂಡು ಲಂಡನ್ನಿನಲ್ಲಿ ಥೇಮ್ಸ್ ದಂಡೆಯ ಬಸವಣ್ಣನ ಮೂರ್ತಿಗೆ ಕೈಮುಗಿಸಿ, ಉಳಿದದ್ದನ್ನು ನಾವು ವಿವರಿಸುತ್ತೇವೆ, ಅವರು ತಲೆದೂಗಬೇಕು. ಅವರ ಕಣ್ಣಿಗೂ ಒಂದು ಅಳತೆಗೋಲು ಇದೆ ಎಂಬುದು ನಮಗೆ ಹೊಳೆಯುವುದಿಲ್ಲ.

ಅಳವಂಡಿಯ ಎಂಬತ್ತು ದಾಟಿದ ಹಿರಿಯರನ್ನೇ ತೆಗೆದುಕೊಳ್ಳಿ. ಅವರು ಹುಟ್ಟಿದಾಗ ಊರು ನಿಜಾಮನ ಸಂಸ್ಥಾನದಲ್ಲಿತ್ತು. ಪಕ್ಕದ ಮುಂಡರಗಿ ಮುಂಬಯಿ ಪ್ರಾಂತದಲ್ಲಿತ್ತು. ಅಲ್ಲಿಗೆ 1947ರ ಆಗಸ್ಟ್ 15ರಂದು ಬಂದ ಸ್ವಾತಂತ್ರ್ಯ ಅಳವಂಡಿಗೆ ಬರಲು 1948ರ ಸೆಪ್ಟೆಂಬರ್ 17 ಆಗಬೇಕಾಯಿತು. ನಡುವಿನ ಆ ಒಂದು ವರ್ಷದಲ್ಲಿ ರಜಾಕಾರರ ಹಾವಳಿಗೆ ಅಂಜಿ ಜನ ಗಡಿ ದಾಟಿದರು. ಅಳವಂಡಿಯ ಶಿವಮೂರ್ತಿಸ್ವಾಮಿಗಳ ಮುಂದಾಳತ್ವದಲ್ಲಿ ವಿಮೋಚನಾ ಹೋರಾಟದ ಶಿಬಿರ ನಡೆದದ್ದೂ ಆ ಮುಂಡರಗಿಯಲ್ಲೇ. ಗಡಿಯ ಈಚೆ ನಿಜಾಮನ ಹಾಲಿ ಸಿಕ್ಕಾ, ಆಚೆ ಬ್ರಿಟಿಷರ ಕಲದಾರ ರೂಪಾಯಿ. 1956ರ ನವೆಂಬರ್ 1ರಂದು ಎರಡೂ ಊರು ಒಂದೇ ರಾಜ್ಯಕ್ಕೆ ಸೇರಿದವು. ಈಗ ಅಲ್ಲಿ ಬಸ್ಸಿನಲ್ಲಿ ಹೋಗುವವರಿಗೆ ಗಡಿ ಎಲ್ಲಿತ್ತೆಂದೂ ಗೊತ್ತಾಗುವುದಿಲ್ಲ.

ಇದನ್ನು ಬಾಲ್ಯದಲ್ಲಿ ಕಂಡೋ ಕೇಳಿಯೋ ಬೆಳೆದವರು ಪ್ಯಾರಿಸ್ಸಿನಿಂದ ಬ್ರಸೆಲ್ಸ್‌ಗೆ ಬಸ್ಸಿನಲ್ಲಿ ಹೋಗುತ್ತಾರೆ ಎಂದುಕೊಳ್ಳಿ. ಎರಡು ಮಹಾಯುದ್ಧಗಳಲ್ಲಿ ಸೈನ್ಯಗಳು ತುಳಿದ ಆ ನೆಲದಲ್ಲಿ ನಿತ್ಯದ ಗಡಿ ತಪಾಸಣೆ ಬಹುಮಟ್ಟಿಗೆ ಇಲ್ಲವಾಗಿದೆ; 2002ರಿಂದ ಫ್ರಾಂಕ್, ಲೀರಾಗಳ ಬದಲು ಯೂರೋ ನೋಟುಗಳು ಬಂದಿವೆ. ಮಕ್ಕಳಿಗೆ ಇದು ಪ್ರಯಾಣದ ಅನುಕೂಲ. ಹಿರಿಯರಿಗೆ ತಾವು ಬದುಕಿದ ಚರಿತ್ರೆ. ಅಳಿಸಿಹೋದ ಗಡಿ ಎಂದರೇನೆಂದು ವಿವರಿಸುವ ಅಧಿಕಾರ ಆ ಬಸ್ಸಿನಲ್ಲಿ ಯಾರಿಗಾದರೂ ಇದ್ದರೆ ಅದು ಅವರಿಗೆ. ಆದರೆ ಅವರನ್ನು ಕೇಳಬೇಕಲ್ಲ!

ಕನ್ನಡದಲ್ಲಿ ಇಳಿವಯಸ್ಸಿನಲ್ಲಿ ವಿದೇಶ ಕಂಡು ಬರೆದವರಿದ್ದಾರೆ. ಎ.ಎನ್. ಮೂರ್ತಿರಾವ್ ತಮ್ಮ ಪುಸ್ತಕಕ್ಕೆ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಎಂದೇ ಹೆಸರಿಟ್ಟರು. ಗೊರೂರರ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಯಸ್ಸು ನೋಟವನ್ನು ಮಂಕಾಗಿಸುತ್ತದೆ ಎನ್ನುವವರು ಅವನ್ನು ಓದಬೇಕು. ಬರೆಯಲು ಬಾರದ ಅವ್ವಂದಿರ ಯಾತ್ರೆಗೆ ಓದುಗರು ಯಾರು? ಜೊತೆಗೆ ಹೋದ ಮಕ್ಕಳು ಕಿವಿಗೊಟ್ಟರೆ ಅವರೇ.

ಇಲ್ಲಿ ನೆನಪಾಗುವವನು ಶ್ರವಣನಲ್ಲ, ಪುಂಡಲೀಕ. ಉತ್ತರ ಕರ್ನಾಟಕದ ಜನ ಪಂಢರಾಪುರಕ್ಕೆ ಹೋಗಿ ನೋಡುವ ವಿಠ್ಠಲ ಅವನ ಮನೆಯ ಮುಂದೆ ನಿಂತ ದೇವರು. ಮೊದಲು ತಂದೆತಾಯಿಯನ್ನು ಕಡೆಗಣಿಸಿ ಕಾಶಿಗೆ ಹೊರಟಿದ್ದ ಪುಂಡಲೀಕ ಮನಸ್ಸು ತಿರುಗಿ ಅವರ ಸೇವೆಗೆ ನಿಂತ. ದೇವರು ಬಾಗಿಲಿಗೆ ಬಂದಾಗ ಅವನು ಎದ್ದು ಹೋಗಲಿಲ್ಲ; ಒಂದು ಇಟ್ಟಿಗೆ ಎಸೆದು, ಇದರ ಮೇಲೆ ನಿಂತು ಕಾಯಿ ಎಂದ. ದೇವರು ಸೊಂಟದ ಮೇಲೆ ಕೈಯಿಟ್ಟು ಕಾದ, ಇನ್ನೂ ಕಾಯುತ್ತಿದ್ದಾನೆ.

ಹಿರಿಯರ ಜೊತೆಗಿನ ಪ್ರಯಾಣಕ್ಕೆ ಈ ಕಥೆ ಹೆಚ್ಚು ಒಪ್ಪುತ್ತದೆ. ವೆನಿಸ್ಸಿನಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳಿವೆ, ಬಹುಪಾಲು ಮೆಟ್ಟಿಲಿನವು. ನೋಯುವ ಮೊಣಕಾಲಿಗೆ ಒಂದೊಂದೂ ಒಂದು ಅಂಜನಾದ್ರಿ. ಮೂರನೆಯ ಸೇತುವೆಯ ಬುಡದಲ್ಲಿ ಅಪ್ಪ ಕೂತರೆ ಅವರ ಪಕ್ಕದಲ್ಲಿ ಕೂತು ಸಾನ್ ಮಾರ್ಕೊ ಚೌಕವನ್ನು ಕಾಯಿಸಬಲ್ಲೆವೇ? ಟಿಕೆಟ್ಟಿನ ದುಡ್ಡು, ಮತ್ತೆ ಬರಲಾಗದ ಊರು, ನಾಳೆಯ ರೈಲು ಎಲ್ಲವೂ ಬಾಗಿಲಲ್ಲಿ ನಿಂತು ಕೂಗುತ್ತವೆ. ಅವುಗಳಿಗೊಂದು ಇಟ್ಟಿಗೆ ಎಸೆಯಲು ಗಟ್ಟಿ ಮನಸ್ಸು ಬೇಕು. ಹೊರುವುದಕ್ಕಿಂತ ಕಾಯಿಸುವುದು ಕಷ್ಟ. ಹೊತ್ತವನನ್ನು ದಾರಿಯುದ್ದಕ್ಕೂ ಜನ ನೋಡುತ್ತಾರೆ, ಕೂತವನನ್ನು ಯಾರೂ ನೋಡುವುದಿಲ್ಲ.

ಯಾತ್ರೆ ಯಾರದಾಗಿತ್ತು ಎಂಬುದು ಕೊನೆಗೆ ಊರಿಗೆ ಬಂದ ಮೇಲೆ ತಿಳಿಯುತ್ತದೆ. ಓಣಿಯವರು ‘ಏನ್ ನೋಡಿ ಬಂದೆವ್ವಾ?’ ಎಂದು ಕೇಳಿದಾಗ ಅವಳು ಮಗ ಹೇಳಿಕೊಟ್ಟ ಗೋಪುರಗಳ ಪಟ್ಟಿ ಒಪ್ಪಿಸಿದರೆ ಅದು ಮಗನ ಪ್ರವಾಸ. ಒಂದಕ್ಕೆ ಹೋಗಲೂ ರೊಕ್ಕ ಕೊಡಬೇಕು ಅಲ್ಲಿ, ನನ್ನ ವಾರಿಗೆಯ ಮುದುಕಿ ಒಬ್ಬಾಕೀನ ಸಂತಿ ಮಾಡ್ಕೊಂಡು ಟ್ರಾಮ್ ಹತ್ತಿ ಹೋಗ್ತಾಳ, ಮನ್ಯಾಗ ಯಾರದಾರೋ ಇಲ್ಲೋ ಎಂದು ತನ್ನದೇ ಮಾತು ತೆಗೆದರೆ ಯಾತ್ರೆ ಅವಳದು.