ಹಬ್ಬದ ದಣಿವು, ಕಾಯದ ಆರೈಕೆ

ಹಬ್ಬವು ಮನೆಮಂದಿಯ ಬಳಲಿಕೆಯನ್ನು ಕಳೆಯಲೆಂದು ಹುಟ್ಟಿದುದು. ವರುಷವಿಡೀ ದುಡಿದ ಕುಟುಂಬವು ಒಂದು ದಿನ ಕೂಡಿ ಶಿವನನ್ನು ಸ್ಮರಿಸಿ, ಬಂದವರೊಡನೆ ಹಂಚಿಕೊಂಡು ಉಂಡು ನಲಿಯಲಿ ಎಂದು ಹಿರಿಯರು ಅದನ್ನು ಏರ್ಪಡಿಸಿದರು. ಆದರೆ ಬೀದರ ನಗರದಲ್ಲಾಗಲಿ, ಭಾಲ್ಕಿ ಔರಾದಗಳ ಸೀಮೆಯ ಹಳ್ಳಿಗಳಲ್ಲಾಗಲಿ, ದೀಪಾವಳಿಯಿಂದ ಎಳ್ಳಮಾವಾಸ್ಯೆಯವರೆಗಿನ ದಿನಗಳನ್ನು ನೋಡಿದರೆ, ಎಷ್ಟೋ ಮನೆಗಳಲ್ಲಿ ಹಬ್ಬವು ಸಮೀಪಿಸಿದಂತೆ ಮುಖಗಳು ಅರಳುವ ಬದಲು ಬಾಡುತ್ತಿರುವುದು ಕಂಡುಬರುತ್ತದೆ. ಯಜಮಾನನಿಗೆ ಬಟ್ಟೆಬರೆಗಳ, ಬೀಗರ ಉಪಚಾರದ ವೆಚ್ಚದ ಚಿಂತೆ. ಗೃಹಿಣಿಗೆ ಸಾರಿಸುವುದು, ಬೀಸುವುದು, ನೆನೆಹಾಕುವುದು, ರೊಟ್ಟಿ ಬಡಿಯುವುದು. ನಿದ್ರೆ ಕುಂದುತ್ತದೆ, ತಲೆ ಸಿಡಿಯುತ್ತದೆ, ಸಣ್ಣ ಮಾತಿಗೂ ಕೋಪವೇರುತ್ತದೆ. ಲಿಂಗಪೂಜೆಯು ಗಡಿಬಿಡಿಯಲ್ಲಿ ಮುಗಿಯುತ್ತದೆ. ಯಾವ ಶಿವನ ಹೆಸರಿನಲ್ಲಿ ಹಬ್ಬವೋ ಆ ಶಿವನಿಗಾಗಿಯೇ ಅಂದು ಪುರುಸೊತ್ತಿಲ್ಲ!

ಶರಣಧರ್ಮವು ಕಾಯವನ್ನು ಹಗೆಯೆಂದು ಬಗೆದುದಲ್ಲ. ಕಾಯವಿಲ್ಲದೆ ಕಾಯಕವಿಲ್ಲ, ಕಾಯಕವಿಲ್ಲದೆ ದಾಸೋಹವಿಲ್ಲ. ಇಷ್ಟಲಿಂಗವು ನೆಲೆಗೊಳ್ಳುವುದು ಈ ಮೈಯ ಮೇಲೆಯೇ, ಈ ಅಂಗೈಯಲ್ಲಿಯೇ. ದೇಹವನ್ನು ದಂಡಿಸಿ ಪುಣ್ಯ ಗಳಿಸುವೆನೆಂಬ ಹಟವನ್ನು ಬಸವಾದಿ ಶರಣರು ಮೆಚ್ಚಲಿಲ್ಲ. ಹೀಗಿರಲು, ಮನೆಯ ತಾಯಿಯೊಬ್ಬಳು ಹಬ್ಬದ ನಿಮಿತ್ತ ಮೂರು ರಾತ್ರಿ ನಿದ್ದೆಗೆಟ್ಟು, ಒಲೆಯ ಮುಂದೆ ಮಂಡಿ ಸವೆಸಿಕೊಳ್ಳುವುದನ್ನು ಭಕ್ತಿಯೆಂದು ಹೊಗಳುವುದು ಎಂತು? ಇದೂ ದೇಹದಂಡನೆಯೇ. ಹಳೆಯ ದಂಡನೆಯನ್ನು ವ್ರತಿಯು ತಾನೇ ಬಯಸಿ ಕೈಕೊಳ್ಳುತ್ತಿದ್ದನು. ಈ ದಂಡನೆಯನ್ನಾದರೋ ಒಬ್ಬಳು ಅನುಭವಿಸುತ್ತಾಳೆ, ಅದರ ಫಲವನ್ನು ಉಳಿದವರು ಉಣ್ಣುತ್ತಾರೆ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ನೆನೆಯಬೇಕು. ಅದು ನಡೆದುದು ದೂರದೇಶದಲ್ಲಲ್ಲ, ಇದೇ ಬೀದರ ಜಿಲ್ಲೆಗೆ ಸೇರಿದ ಕಲ್ಯಾಣದಲ್ಲಿ. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಪತಿ ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯದ ಅಳತೆಯನ್ನು ಮೀರಿ ಅಕ್ಕಿಯನ್ನು ತಂದನು. ಕಂಡೊಡನೆ ಲಕ್ಕಮ್ಮನು ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಹೆಚ್ಚಿನದು ತಮ್ಮದಲ್ಲವೆಂದು ತಿಳಿಹೇಳಿ, ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಆ ನಿತ್ಯದ ಅಕ್ಕಿಯಿಂದಲೇ ಅಸಂಖ್ಯಾತ ಜಂಗಮರಿಗೆ ದಾಸೋಹ ನಡೆಯಿತೆಂದು ಪರಂಪರೆಯು ಹೇಳುತ್ತದೆ. ಈ ಕಥೆಯನ್ನು ಆಸೆಯ ನಿರಾಕರಣೆಗೆ ನಿದರ್ಶನವಾಗಿ ಎಲ್ಲರೂ ಹೇಳುವರು, ಅದು ಸರಿಯೇ. ಆದರೆ ಅದರಲ್ಲಿ ಗೃಹಕೃತ್ಯದ ವಿವೇಕವೊಂದೂ ಅಡಗಿದೆ. ಹೆಚ್ಚು ತಂದರೆ ಹೆಚ್ಚು ಕೇರಬೇಕು, ಹೆಚ್ಚು ಬೇಯಿಸಬೇಕು, ಹೆಚ್ಚು ಕಾಯಬೇಕು. ತನ್ನ ಮನೆಗೆ ಎಷ್ಟು ಸಾಕೆಂದು ನಿರ್ಣಯಿಸುವ ಅಧಿಕಾರವು ಅಡುಗೆ ಮಾಡುವ ಲಕ್ಕಮ್ಮನಲ್ಲಿಯೇ ಇದ್ದಿತು, ಮತ್ತು ಮಾರಯ್ಯನು ಅವಳ ಮಾತನ್ನು ನಡೆಸಿಕೊಟ್ಟನು. ಇಂದಿನ ಎಷ್ಟು ಮನೆಗಳಲ್ಲಿ ಹಬ್ಬದ ಅಡುಗೆಯು ಎಷ್ಟು ಬಗೆಯದಾಗಿರಬೇಕೆಂದು ಅಡುಗೆ ಮಾಡುವವಳನ್ನು ಕೇಳುತ್ತಾರೆ?

ದಣಿವನ್ನು ಕಳೆಯುವ ಮದ್ದು ಹಬ್ಬದೊಳಗೇ ಇದೆ ಎಂಬುದಕ್ಕೆ ಎಳ್ಳಮಾವಾಸ್ಯೆಯೇ ಸಾಕ್ಷಿ. ಮಾರ್ಗಶಿರದ ಅಮಾವಾಸ್ಯೆಯಂದು, ಡಿಸೆಂಬರ ಜನವರಿಗಳ ಚಳಿಯಲ್ಲಿ, ಈ ಸೀಮೆಯ ಒಕ್ಕಲುಮಕ್ಕಳು ಹೊಲಕ್ಕೆ ಹೋಗುತ್ತಾರೆ. ಮಾಂಜರಾ ನದಿಯ ಬಯಲಿನ ಕರಿನೆಲದಲ್ಲಿ ಆಗ ಜೋಳ ಎದೆಯುದ್ದ ನಿಂತಿರುತ್ತದೆ, ಕಡಲೆ ಕಾಯಿಕಟ್ಟಿರುತ್ತದೆ. ತೊಗರಿ, ಅವರೆ, ಹಸಿಗಡಲೆ, ಬದನೆ, ಗಜ್ಜರಿ, ಸೊಪ್ಪುಗಳನ್ನು ಹುಣಿಸೆ ಕಡಲೆಹಿಟ್ಟುಗಳೊಡನೆ ಕುದಿಸಿದ ಭಜ್ಜಿ. ಎಳ್ಳು ಹಚ್ಚಿ ಬಡಿದ ಸಜ್ಜೆಯ ರೊಟ್ಟಿ. ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ. ಕಡುಬು, ಶೇಂಗಾ ಹೋಳಿಗೆ. ಇವನ್ನು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು ನಡೆದೇ ಹೋಗುವುದು ಹಿಂದಿನ ರೂಢಿ. ಹೊಲ ಮುಟ್ಟಿ, ಕಣಿಕೆಯ ಕೊಂಪೆಯಲ್ಲಿ ಪೂಜೆಯನ್ನು ಸಲ್ಲಿಸಿ, ಬೆಳೆಯ ಸುತ್ತ ತಿರುಗಿ ಚರಗ ಚೆಲ್ಲಿ, ಆಮೇಲೆ ಊಟ. ಹೊಲವಿಲ್ಲದ ಪಟ್ಟಣಿಗರೂ ಕರೆದವರ ಹೊಲಕ್ಕೆ ಹೋಗುವುದರಿಂದ ಅಂದು ಬೀದರಿನ ಬೀದಿಗಳು ಬರಿದಾಗಿ ತೋರುತ್ತವೆ.

ಈ ಕ್ರಮವನ್ನು ಸಾವಧಾನವಾಗಿ ನೋಡಬೇಕು. ಊಟಕ್ಕೆ ಮೊದಲು ನಡಿಗೆ, ಊಟದ ಮುನ್ನ ಹೊಲದ ಸುತ್ತ ಪ್ರದಕ್ಷಿಣೆ, ಊಟದ ನಂತರ ಮನೆಯತ್ತ ಮತ್ತೆ ನಡಿಗೆ. ಹೊಗೆ ತುಂಬಿದ ಅಡುಗೆಮನೆಯಿಂದ ಹೊರಬಂದ ಹೆಂಗಸು ಬಿಸಿಲನ್ನೂ ಹಸಿರನ್ನೂ ಕಾಣುತ್ತಿದ್ದಳು, ನೆರೆಯವರೊಡನೆ ನಗುತ್ತಿದ್ದಳು. ಇಂದಿನ ವೈದ್ಯಶಾಸ್ತ್ರವು ಹೇಳುವುದೂ ಬೇರೆಯಲ್ಲ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಮಧ್ಯಮ ಗತಿಯ ಚಲನೆಯಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿತು. ವಾರದಲ್ಲಿ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆದರೆ 150 ನಿಮಿಷಗಳಾದವು. ನಡಿಗೆಯಿಂದ ಮನಸ್ಸಿನ ಕಳವಳ ತಗ್ಗುತ್ತದೆ, ನಿದ್ರೆ ಸುಧಾರಿಸುತ್ತದೆ. ಉಂಡ ಮೇಲೆ ಹತ್ತು ಹದಿನೈದು ನಿಮಿಷ ಮೆಲ್ಲನೆ ಅಡ್ಡಾಡಿದರೆ ರಕ್ತದಲ್ಲಿ ಸಕ್ಕರೆಯು ಥಟ್ಟನೆ ಏರುವುದಿಲ್ಲ. ಸಿಹಿಮೂತ್ರರೋಗವು ಮನೆಮನೆಯನ್ನು ಹೊಕ್ಕಿರುವ ಈ ಕಾಲದಲ್ಲಿ, ಹೋಳಿಗೆಯ ದಿನ ಇದು ಸಣ್ಣ ಲಾಭವಲ್ಲ.

ಈಗಲಾದರೋ ಟ್ರ್ಯಾಕ್ಟರು ಮನೆಬಾಗಿಲಿಗೇ ಬರುತ್ತದೆ. ಬುಟ್ಟಿಯೂ ಮಂದಿಯೂ ಅದರಲ್ಲಿಯೇ ಹೊಲಕ್ಕೆ. ಉಂಡು ಮರದ ನೆರಳಲ್ಲಿ ಇಸ್ಪೀಟು. ಮತ್ತೆ ಅದರಲ್ಲಿಯೇ ಮನೆಗೆ. ಭಕ್ಷ್ಯಗಳು ಉಳಿದುವು, ನಡಿಗೆಯೊಂದು ಜಾರಿಹೋಯಿತು. ಮುದುಕರಿಗೆ, ಬಸುರಿಯರಿಗೆ ವಾಹನ ಬೇಕು, ನಿಜ. ಕಾಲು ಗಟ್ಟಿಯಿರುವವರು ಹಾದಿಯ ಕೊನೆಯ ಒಂದು ಮೈಲನ್ನಾದರೂ ನಡೆಯಬಾರದೇಕೆ? ಚರಗ ಚೆಲ್ಲಲು ಹೊರಟ ಗಂಡಸರ ಜೊತೆಗೆ, ಅಡುಗೆ ಮಾಡಿದ ತಾಯಿಯೂ ಪಾತ್ರೆಗಳನ್ನು ಬಿಟ್ಟು ಹೊಲದ ಸುತ್ತ ಒಮ್ಮೆ ಬರಲಿ. ಅಷ್ಟರಲ್ಲಿ ಎಲೆ ಹಾಕುವ ಕೆಲಸವನ್ನು ಮಕ್ಕಳು ಮಾಡಲಿ. ನಗರವಾಸಿಗಳಿಗೆ ಹೊಲವಿಲ್ಲದಿದ್ದರೂ ಬೀದರದ ಕೋಟೆಯ ಬಯಲಿದೆ, ಪಾಪನಾಶದ ಕೆರೆಯ ದಂಡೆಯಿದೆ. ಔರಾದದವರಿಗೆ ಅಮರೇಶ್ವರನ ಗುಡಿಯವರೆಗೆ ಹೋಗಿಬರುವ ಹಾದಿಯಿದೆ.

ಹಬ್ಬದ ಗಡಿಬಿಡಿಯಲ್ಲಿ ನಡೆಯಲು ಪುರುಸೊತ್ತೆಲ್ಲಿ ಎಂದು ಕೇಳುವವರುಂಟು. ಹತ್ತು ಭಕ್ಷ್ಯಗಳಲ್ಲಿ ಎರಡನ್ನು ಬಿಟ್ಟರೆ ಅರ್ಧ ಗಂಟೆ ಸಿಕ್ಕಿತು. ಲಕ್ಕಮ್ಮನ ಅಕ್ಕಿಯ ಲೆಕ್ಕವೂ ಇದೇ. ಕಾಳು ಸುಲಿಯುವುದಕ್ಕೆ, ನೀರು ತುಂಬುವುದಕ್ಕೆ, ಪಾತ್ರೆ ತೊಳೆಯುವುದಕ್ಕೆ ಗಂಡುಮಕ್ಕಳ ಕೈಯೂ ಆದೀತು. ಬಸವಣ್ಣನವರ ಮಾರ್ಗದಲ್ಲಿ ಕಾಯಕಕ್ಕೆ ಮೇಲು ಕೀಳೆಂಬುದಿಲ್ಲವೆಂದು ಸಭೆಯಲ್ಲಿ ಹೇಳುವವರು ಮನೆಯಲ್ಲಿ ಮುಸುರೆಯನ್ನು ಮುಟ್ಟಲು ನಾಚುವುದು ವಿಚಿತ್ರವೇ ಸರಿ.

ಇನ್ನು ಲಿಂಗಪೂಜೆ. ಬೆನ್ನನ್ನು ನೆಟ್ಟಗೆ ನಿಲ್ಲಿಸಿ, ಎಡಗೈಯ ಮೇಲೆ ಇಷ್ಟಲಿಂಗವನ್ನಿರಿಸಿ, ದೃಷ್ಟಿಯನ್ನು ಅದರಲ್ಲಿಯೇ ನಿಲ್ಲಿಸಿ ಕುಳಿತಾಗ ಉಸಿರು ತಾನಾಗಿ ನಿಧಾನವಾಗುತ್ತದೆ. ಉಸಿರು ನಿಧಾನವಾದರೆ ಹೃದಯದ ಬಡಿತವೂ ತಗ್ಗುತ್ತದೆ. ಪೂಜೆಯನ್ನು ಔಷಧವೆಂದು ಎಣಿಸುವುದು ತರವಲ್ಲ, ಅದು ಪೂಜೆಯೇ. ಆದರೂ ಅತ್ಯಂತ ಗಡಿಬಿಡಿಯ ದಿನವೇ ಅದನ್ನು ಮೊಟಕುಗೊಳಿಸುವವರು ಶಿವಾನುಭವವನ್ನೂ ನೆಮ್ಮದಿಯನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ. ಸೊಸೆಯು ಪೂಜೆಗೆ ಕುಳಿತ ಆ ಕಾಲು ಗಂಟೆ ಅವಳನ್ನು ಯಾರೂ ಕರೆಯಬಾರದೆಂಬ ಕಟ್ಟಳೆಯನ್ನು ಅತ್ತೆಯೇ ಮಾಡಿದರೆ ಚೆನ್ನು. ರಾತ್ರಿ ಏಳು ಗಂಟೆಗಳ ನಿದ್ರೆಯೂ ಕಾಯಕ್ಕೆ ಸಲ್ಲಬೇಕಾದುದೇ. ನಸುಕಿನಲ್ಲಿ ಏಳಬೇಕಾದವಳು ಹಿಂದಿನ ರಾತ್ರಿ ಬೇಗ ಮಲಗುವಂತೆ ಮನೆಯವರು ಊಟವನ್ನು ಹೊತ್ತಿಗೆ ಮುಗಿಸಬೇಕು.

ನಡಿಗೆ, ವಿಶ್ರಾಂತಿಗಳು ಎಲ್ಲಕ್ಕೂ ಮದ್ದಲ್ಲ. ನಡೆಯುವಾಗ ಎದೆನೋವು ಬಂದರೆ, ತಲೆ ತಿರುಗಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಹಬ್ಬ ಮುಗಿದು ವಾರಗಳು ಕಳೆದರೂ ನಿದ್ರೆ ಬಾರದೆ, ಯಾವುದರಲ್ಲಿಯೂ ಮನಸ್ಸು ನಿಲ್ಲದೆ, ಬದುಕೇ ಬೇಡವೆನಿಸಿದರೆ ಅದನ್ನು ಭಕ್ತಿಯ ಕೊರತೆಯೆಂದು ಜರೆಯುವುದು ಕ್ರೂರತನ. ಅಂಥವರಿಗಾಗಿ ಭಾರತ ಸರಕಾರವು 2022ರಲ್ಲಿ ಟೆಲಿ ಮಾನಸ್ ಎಂಬ ಸಹಾಯವಾಣಿಯನ್ನು ತೆರೆದಿದೆ. 14416 ಎಂಬ ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಹಬ್ಬದ ಮರುದಿನದ ವಿಷಯವೊಂದು ಉಳಿಯಿತು. ಎಳ್ಳಮಾವಾಸ್ಯೆಗೆ ಬಡಿದ ಸಜ್ಜೆಯ ರೊಟ್ಟಿಯು ಒಣಗಿ ಕಟಕಾದ ಮೇಲೆ ಹಲವು ದಿನ ಕೆಡದೆ ಉಳಿಯುತ್ತದೆ. ಬುಟ್ಟಿಯಲ್ಲಿ ರೊಟ್ಟಿ, ಗಡಿಗೆಯಲ್ಲಿ ಮೊಸರು, ಶೇಂಗಾ ಹಿಂಡಿ ಇದ್ದರೆ ಆ ಮುಂಜಾನೆ ಒಲೆಯನ್ನು ಹೊತ್ತಿಸಬೇಕಾದುದೇ ಇಲ್ಲ. ಮನೆಯ ತಾಯಿಯು ಬಿಸಿಲೇರುವವರೆಗೆ ಮಲಗಬಹುದು.