ಬಂಜೆ ಎಂಬ ಮಾತು

ಹೊಗೆಸೊಪ್ಪಿನ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಂದೇ ಮನೆಯಲ್ಲಿವೆ. ಐದು ಕೇಸರಗಳ ನಡುವೆ ಒಂದು ಶಲಾಕೆ. ಪರಾಗಕ್ಕಾಗಿ ಹೊರಗೆ ಕಾಯಬೇಕಾಗಿಲ್ಲ. ಹಾಗಾಗಿ ಎರಡು ತಳಿಗಳನ್ನು ಕೂಡಿಸಿ ಹೈಬ್ರಿಡ್ ಬೀಜ ಮಾಡಬೇಕೆಂದರೆ, ಮೊಗ್ಗು ಅರಳುವ ಮುನ್ನವೇ ಒಂದೊಂದು ಹೂವಿನ ಕೇಸರಗಳನ್ನೂ ಕೈಯಿಂದ ಕೀಳಬೇಕು. ಈ ಕಷ್ಟ ತಪ್ಪಿಸಲು ತಳಿ ವಿಜ್ಞಾನಿಗಳು ಪರಾಗವನ್ನೇ ಕೊಡದ ಗಿಡಗಳನ್ನು ರೂಪಿಸಿಕೊಂಡರು. ಈ ಗುಣಕ್ಕೆ ಕನ್ನಡದಲ್ಲಿ ಗಂಡು ಬಂಜೆತನ ಎನ್ನುತ್ತಾರೆ.

ಆ ಪದ ನನ್ನನ್ನು ತಡೆದು ನಿಲ್ಲಿಸಿತು. ನಮ್ಮ ಮಾತಿನಲ್ಲಿ ಬಂಜೆ ಎಂದರೆ ಹೆಣ್ಣೇ. ಗಂಡಿಗೆ ಹೇಳಬೇಕಾದರೆ 'ಗಂಡು' ಎಂದು ಮುಂದೆ ಸೇರಿಸಬೇಕು! ಮದುವೆಯಾಗಿ ನಾಲ್ಕು ವರ್ಷವಾದರೂ ಮಡಿಲು ತುಂಬದಿದ್ದರೆ ಅರಳಿಕಟ್ಟೆ ಸುತ್ತುವವಳು ಅವಳು; ಸೀಮಂತದ ಆರತಿಯ ಹೊತ್ತಿಗೆ ತಾನಾಗಿಯೇ ಹಿಂದೆ ಸರಿಯುವವಳೂ ಅವಳೇ. ನಮ್ಮ ಬಂಧುಬಳಗದಲ್ಲೇ ಇದನ್ನು ನೋಡುತ್ತ ಬಂದಿದ್ದೇನೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ ಎನ್ನುತ್ತಾರೆ ವೈದ್ಯರು. ಆದರೂ ಅವನ ಪರೀಕ್ಷೆಯ ಮಾತೆತ್ತಿದರೆ ಮನೆತನದ ಮಾನ ಅಡ್ಡ ಬರುತ್ತದೆ.

ಗಿಡದ ಕಥೆಗೆ ಮತ್ತೆ ಬರೋಣ. ಆಸ್ಟ್ರೇಲಿಯದ ಕಾಡುಜಾತಿ ನಿಕೋಟಿಯಾನ ಸುವಾವಿಯೊಲೆನ್ಸ್ ಅನ್ನು ತಾಯಿಯಾಗಿಸಿ ಹೊಗೆಸೊಪ್ಪಿನ ಪರಾಗ ಕೊಡುತ್ತಾರೆ. ಹುಟ್ಟಿದ ಸಂತತಿಗೆ ಮತ್ತೆ ಮತ್ತೆ ಅದೇ ಪರಾಗ. ಕೆಲವು ತಲೆಮಾರು ಕಳೆದಾಗ ಕೋಶಕೇಂದ್ರ ಹೊಗೆಸೊಪ್ಪಿನದು, ಅದರ ಸುತ್ತಲಿನ ಕೋಶದ್ರವ್ಯ ಕಾಡುತಾಯಿಯದು. ಪರಾಗ ನಿಲ್ಲುವುದು ಆಗಲೇ. 'ನೋಡಿದಿರಾ, ಕೊನೆಗೂ ತಾಯಿಯಿಂದಲೇ' ಎನ್ನಬೇಡಿ. ತನ್ನ ಪಾಡಿಗೆ ಆ ಕಾಡುಗಿಡವೂ ಪರಾಗ ಬಿಡುತ್ತದೆ, ಹೊಗೆಸೊಪ್ಪೂ ಬಿಡುತ್ತದೆ. ಕೊರತೆ ಎರಡರಲ್ಲೂ ಇಲ್ಲ, ಹೊಂದಿಕೆಯಲ್ಲಿದೆ. ವಿಜ್ಞಾನಿ ಹುಡುಕಿದ್ದು ಕಾರಣವನ್ನು, ತಪ್ಪಿತಸ್ಥರನ್ನಲ್ಲ.

ಹಾಗೆಂದು ಅಪವಾದವನ್ನು ಹೆಂಡತಿಯ ತಲೆಯಿಂದ ಇಳಿಸಿ ಗಂಡನ ತಲೆಗೆ ಹೊರಿಸಿದರೆ ನ್ಯಾಯವಾಯಿತೇ? ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ಎಲೆ ಚೆನ್ನಾಗಿ ಬಲಿಯಲೆಂದು ಹೊಗೆಸೊಪ್ಪಿನ ಹೂಗೊಂಚಲನ್ನೇ ಮುರಿದು ಹಾಕುತ್ತಾರೆ. ಬೀಜ ಕಟ್ಟದ ಆ ಗಿಡವನ್ನು ಯಾರೂ ಬಂಜೆ ಎನ್ನುವುದಿಲ್ಲ. ರೈತನಿಗೆ ಬೇಕಾದದ್ದು ಎಲೆ. ನಮಗೇನು ಬೇಕೋ ಅದರ ಮೇಲೆ ಗಿಡದ ಬೆಲೆ. ಅದೇ ತಕ್ಕಡಿಯಲ್ಲಿ ಮನುಷ್ಯರನ್ನೂ ಕೂರಿಸಿದ್ದೇವಲ್ಲ, ಅನ್ಯಾಯದ ಬೇರು ಇರುವುದು ಅಲ್ಲಿ. ಮಕ್ಕಳು ಬೇಕೆನ್ನುವವರು ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಲಿ, ಕಾರಣ ತಿಳಿಯಲಿ. ಆದರೆ ಸೀಮಂತದ ಮನೆಯಲ್ಲಿ ಆರತಿತಟ್ಟೆ ಹಿಡಿಯಲು ಯಾವ ಹೆಣ್ಣೂ ಯಾವ ಪರೀಕ್ಷೆಯಲ್ಲೂ ಪಾಸಾಗಬೇಕಿಲ್ಲ.